ಶ್ರೀಮಂತನ ಮಶೀನು, ಅವ್ವನ ಪಾಟ್ಲಿ

ಪವಾಯಿ, ಮುಂಬಯಿ
17 ಅಕ್ಟೋಬರ್ 2021

ಅಕ್ಕನಿಗೆ ಗುರುಪಾದನ ನಮಸ್ಕಾರ.

ನಿನ್ನ ಬನ್ನಿಯ ಪಾಕೀಟು ಇನ್ನೂ ಬಂದಿಲ್ಲ. ಪ್ರತಿ ವರ್ಷ ದಸರೆ ಮುಗಿದು ಎಂಟು ಹತ್ತು ದಿನಕ್ಕೆ ಬರುತ್ತದೆ, ಅಷ್ಟರಲ್ಲಿ ಎಸಳು ಒಣಗಿ ಅರ್ಧ ಪುಡಿಯಾಗಿರುತ್ತದೆ. ಆದರೂ ಕಣ್ಣಿಗೆ ಒತ್ತಿಕೊಂಡು ದೇವರ ಮುಂದೆ ಇಡುತ್ತೇನೆ. ಈ ಸಲ ಅದು ಬರುವ ಮೊದಲೇ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ನಾನು ಫೋನ್ ಮಾಡಿದರೆ ನಿನ್ನ ಮಗಳು ಪ್ರಣೀತಾ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂರುತ್ತಾಳೆ. ಆ ಮನುಷ್ಯನ ಹೆಸರು ಮನೆಯಲ್ಲಿ ಎತ್ತಕೂಡದು ಎಂದು ಅವಳು ನನ್ನಿಂದಲೂ ಆಣೆ ಮಾಡಿಸಿಕೊಂಡಿದ್ದಾಳೆ.

ಶ್ರೀಮಂತ ಸಿಕ್ಕಿದ್ದ.

ಮಾಟುಂಗಾದ ಕನ್ನಡ ಸಂಘದಲ್ಲಿ ಮೊನ್ನೆ ಬನ್ನಿ ಕೊಡುವ ಕಾರ್ಯಕ್ರಮವಿತ್ತು. ಕೊರೊನಾ ಕಾಟದಿಂದ ಹೋದ ವರ್ಷ ನಡೆದಿರಲಿಲ್ಲ, ಹಾಗಾಗಿ ಜನ ಚೆನ್ನಾಗಿಯೇ ಸೇರಿದ್ದರು. ನಾನು ಮೂಲೆಯಲ್ಲಿ ನಿಂತಿದ್ದೆ. ಎದುರಿನಿಂದ ಎರಡು ಕೈಯಲ್ಲಿ ಎಲೆ ಹಿಡಿದುಕೊಂಡು ನೇರವಾಗಿ ನನ್ನ ಕಡೆಗೇ ಬಂದ. "ಬನ್ನಿ ಬಂಗಾರ ತಗೊಂಡು ಬಂಗಾರದಂಗ ಇರೂಣು, ಬೀಗ್ರ" ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ. ಮೂರು ವರ್ಷದ ಹಿಂದೆ ಮುರಿದುಹೋದ ಬೀಗತನ ಬಾಯಿಗೆ ಮಾತ್ರ ಇನ್ನೂ ರೂಢಿ ಇದೆ. ಹತ್ತು ಜನರ ಎದುರು ಏನು ಮಾಡಲಿ, ಕೈ ಚಾಚಿದೆ.

ಆಮೇಲೆ ಕಾಫಿ ಕುಡಿಯಲು ಉಡುಪಿ ಹೋಟೆಲಿಗೆ ಎಳೆದುಕೊಂಡು ಹೋದ. ದಾದರಿನ ಬಟ್ಟೆ ಅಂಗಡಿ ಲಾಕ್‌ಡೌನಿನಲ್ಲಿ ಮಲಗಿದ್ದು ಇನ್ನೂ ಎದ್ದಿಲ್ಲವಂತೆ. ಕೈಯಲ್ಲಿ ಎಂಟು ಲಕ್ಷ ಉಳಿದಿದೆಯಂತೆ. "ಗುರುಪಾದಪ್ಪ, ನೀವು ದಿನಾ ಕಂಪ್ಯೂಟರ್ ನಡುವ ಇರಾವ್ರು. ಈ ಕ್ರಿಪ್ಟೋ ಮಾಡೋ ಮಶೀನ್ ಕಟ್ಟಿಸೋದು ಚಲೋನೋ, ಕಾಯಿನ್‌ನ ತಗೊಳ್ಳೋದು ಚಲೋನೋ? ನಿಮ್ಮ ಮಾತಿನ ಮ್ಯಾಲ ಬಿಟ್ಟೀನಿ" ಎಂದ.

ನಿನಗೆ ತಿಳಿಯುವಂತೆ ಹೇಳುತ್ತೇನೆ. ಈ ಕಾಯಿನ್ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಫೋನಿನಲ್ಲಿ ಒಂದು ಅಂಕಿಯಾಗಿ ಇರುತ್ತದೆ. ಅದನ್ನು ರೊಕ್ಕ ಕೊಟ್ಟು ಕೊಳ್ಳಬಹುದು. ಇಲ್ಲವೇ ಆರೇಳು ದುಬಾರಿ ಗ್ರಾಫಿಕ್ಸ್ ಕಾರ್ಡು ಸೇರಿಸಿ ಒಂದು ಕಂಪ್ಯೂಟರ್ ಕಟ್ಟಿ, ಹಗಲೂ ರಾತ್ರಿ ಲೆಕ್ಕ ಮಾಡಲು ಹಚ್ಚಿದರೆ ಕೂಲಿಯಾಗಿ ಚೂರುಚೂರು ಕಾಯಿನ್ ಬರುತ್ತದೆ. ಜೋಳ ಕೊಳ್ಳುವುದೋ ಹೊಲ ಕೊಳ್ಳುವುದೋ ಎಂಬಂತಹ ಪ್ರಶ್ನೆ ಅದು.

ನಾನು ನಮ್ಮ ಕಂಪನಿಯ ಸರ್ವರ್ ರೂಮಿನಲ್ಲಿ ಇಪ್ಪತ್ತು ವರ್ಷ ಮಶೀನುಗಳ ಬಿಸಿ ಕಾಯ್ದವನು, ನನಗೆ ಉತ್ತರ ಗೊತ್ತು. ಆದರೆ ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಅವನ ಕಾಫಿಯ ರೊಕ್ಕ ನಾನೇ ಕೊಟ್ಟೆ. ಅವನ ಉಪ್ಪಿನ ಋಣ ನನಗೆ ಬೇಡ.

ಏನು ಹೇಳಲಿ ಅಕ್ಕ?

ನಿನ್ನ,
ಗುರುಪಾದ


ವಿಜಯಪುರ
27 ಅಕ್ಟೋಬರ್ 2021

ತಮ್ಮಾ,

ಅವನ ಕೈಯಿಂದ ಬನ್ನಿ ತಗೊಂಡೆಯಾ? ನಿನ್ನ ಕೈಗೆ ಲಕ್ವಾ ಹೊಡೆದಿತ್ತೇ, ಹಿಂದಕ್ಕೆ ಎಳೆದುಕೊಳ್ಳಲು ಬರಲಿಲ್ಲವೇ? ಬನ್ನಿ ಕೊಟ್ಟು ತಗೊಂಡರೆ ಹಳೆಯ ಜಗಳ ತೀರಿತು ಎಂದು ಅರ್ಥ. ಅದು ಗೊತ್ತಿದ್ದೇ ಅವನು ಹತ್ತು ಜನರ ನಡುವೆ ಬಂದಿದ್ದಾನೆ, ವ್ಯಾಪಾರಸ್ಥ ನೋಡು.

ಆದರೆ ಒಂದು ಕೇಳುತ್ತೇನೆ, ಅವನು ಕೊಟ್ಟ ಎಲೆ ಹೇಗಿತ್ತು? ಎರಡು ಹೋಳಿನ ಅಗಲ ಎಲೆಯಾಗಿದ್ದರೆ ಅದು ಬನ್ನಿಯಲ್ಲ, ದಾದರಿನ ಪೇಟೆಯಲ್ಲಿ ಕಟ್ಟು ಕಟ್ಟಿ ಮಾರುವ ಆಪಟಾ. ಮರಾಠಿ ಜನಕ್ಕೆ ಅದು ಬಂಗಾರ, ಅವರ ಪದ್ಧತಿ ಅವರಿಗೆ. ನಮಗೆ ಬನ್ನಿ ಎಂದರೆ ಮುಳ್ಳಿನ ಮರದ ಸಣ್ಣ ಎಸಳು. ಆಪಟಾ ಆಗಿದ್ದರೆ ರಾಜಿ ಆಗಿಲ್ಲ ಎಂದು ತಿಳಿ. ಬನ್ನಿಯೇ ಆಗಿದ್ದರೂ ನನ್ನ ಕಡೆಯಿಂದ ಆಗಿಲ್ಲ. ಬನ್ನಿ ಮರದಲ್ಲಿ ಆಯುಧ ಬಚ್ಚಿಟ್ಟವರು ಅದನ್ನು ಅಲ್ಲಿಯೇ ಬಿಟ್ಟು ಹೋಗಲಿಲ್ಲ, ಹೊತ್ತು ಬಂದಾಗ ಇಳಿಸಿಕೊಂಡೇ ಹೋದರು.

ನೀನು ಮರೆತಿರಬಹುದು, ನೀನು ಗಂಡಸು. ನಾನು ಮರೆತಿಲ್ಲ. ನಿಶ್ಚಯದ ದಿನ ಪ್ರಣೀತಾ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಮೇ ತಿಂಗಳ ಬಿಸಿಲು, ತಲೆ ತಿರುಗಿ ಐದು ನಿಮಿಷ ಗೋಡೆಗೆ ಒರಗಿ ಕೂತಳು. ಅಷ್ಟೇ ಆದದ್ದು. ಲಗ್ನಪತ್ರಿಕೆ ಅಚ್ಚಾಗಿ ಅರ್ಧ ಊರಿಗೆ ಹಂಚಿದ ಮೇಲೆ, ಇನ್ನು ಹನ್ನೊಂದು ದಿನ ಇದೆ ಎನ್ನುವಾಗ, ಅವನ ಮಗ ಅಮೋಲನಿಗೆ ಬೆಳಗಾವಿಯ ಸೀರೆ ಸಗಟು ವ್ಯಾಪಾರಿಯ ಮಗಳು ಸಿಕ್ಕಳು. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ಅವನ ಮುಖಕ್ಕೆ ಉಗುಳಿ ಸುಮ್ಮನಾಗುತ್ತಿದ್ದೆ. "ಹುಡುಗಿಗೆ ಮೂರ್ಛೆ ರೋಗ ಐತಿ, ನಮ್ಮ ಕಡಿಂದ ಮುಚ್ಚಿಟ್ಟಾರ" ಎಂದು ಹಬ್ಬಿಸಿದ. ನಿಶ್ಚಯದ ಸೀರೆಯನ್ನು ಕುರಿಯರಿನಲ್ಲಿ ವಾಪಸು ಕಳಿಸಿದ. ನಾನೇ ಸಹಿ ಹಾಕಿ ತಗೊಂಡೆ. ಆಮೇಲೆ ಎರಡು ಕಡೆಯವರು ನೋಡಲು ಬರುತ್ತೇವೆ ಎಂದವರು ಬರಲೇ ಇಲ್ಲ. ಶಾಲೆಯಲ್ಲಿ ನಲವತ್ತು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು, ನನ್ನ ಮಗಳ ವಿಷಯಕ್ಕೆ ನೆರೆಮನೆಯವರು ನನಗೆ ಪಾಠ ಹೇಳುವಂತಾಯಿತು. ನಿಮ್ಮ ಭಾವನೂ ಆ ಕೊರಗಿನಲ್ಲಿಯೇ ಹೋದರು.

ಈಗ ದೇವರು ಅವನನ್ನು ತಾನಾಗಿ ನಿನ್ನ ಕೈಗೆ ಕೊಟ್ಟಿದ್ದಾನೆ. ಮಶೀನೋ ಕಾಯಿನ್ನೋ, ಯಾವುದರಲ್ಲಿ ಮುಳುಗುತ್ತಾನೋ ಅದನ್ನೇ ಹೇಳು. ಹೇಳುವಾಗ ಮುಖದಲ್ಲಿ ನಗು ಇರಲಿ.

ಎರಡು ಎಸಳು ಬನ್ನಿ ಇಟ್ಟಿದ್ದೇನೆ, ಒಂದು ನಿನಗೆ, ಒಂದು ನಿನ್ನ ಹೆಂಡತಿಗೆ. ಮನೆಯ ಹೊರಗೆ ಯಾರಿಗೂ ಕೊಡಬೇಡ.

ನಿನ್ನ ಅಕ್ಕ,
ಶಿವಕುಮಾರಿ


ಪವಾಯಿ
10 ನವೆಂಬರ್ 2021

ಅಕ್ಕನಿಗೆ,

ಎಲೆ ಆಪಟಾದ್ದೇ. ನಿನ್ನ ಕಾಗದ ಓದಿ ಕಸದ ಬುಟ್ಟಿಯಿಂದ ತೆಗೆದು ನೋಡಿದೆ. ಎರಡು ಹೋಳಿತ್ತು.

ಕೆಲಸ ಮುಗಿಸಿದ್ದೇನೆ. ಭಾನುವಾರ ಕಾಂಜೂರಿನಿಂದ ಲೋಕಲ್ ಹಿಡಿದು ದಾದರಿನಲ್ಲಿ ಇಳಿದು ಅವನ ಅಂಗಡಿಗೇ ಹೋದೆ. ದೀಪಾವಳಿ ಈಗಷ್ಟೇ ಮುಗಿದಿತ್ತು, ಗಿರಾಕಿ ಇರಲಿಲ್ಲ, ಗಾದಿಯ ಮೇಲೆ ಕೂರಿಸಿಕೊಂಡ. "ಹೇಳ್ರಿ, ಮಶೀನ್ನೋ ಕಾಯಿನ್ನೋ?" ಎಂದ. ನೀರು ಕೇಳಿ ಕುಡಿದೆ.

ಮಶೀನ್ ಕಟ್ಟು ಎಂದು ಹೇಳಿ ಬಂದೆ.

ಅದು ಹೇಗೆ ಮುಳುಗಿಸುತ್ತದೆ ಎಂದು ನಿನಗೆ ಹೇಳಬೇಕು. ಈಗ ಕಾರ್ಡುಗಳಿಗೆ ಬರ ಬಂದಿದೆ, ಮೂವತ್ತೈದು ಸಾವಿರದ್ದು ಎಪ್ಪತ್ತಕ್ಕೆ ಮಾರುತ್ತಿದ್ದಾರೆ. ಮುಂಬಯಿಯ ಕರೆಂಟು ಮೇಲಿನ ದರಕ್ಕೆ ಹೋದರೆ ಯೂನಿಟ್ಟಿಗೆ ಹನ್ನೆರಡು ರೂಪಾಯಿ ದಾಟುತ್ತದೆ. ಮಶೀನು ಉಗುಳುವ ಬಿಸಿಗೆ ಎಸಿ ಬೇರೆ ಬೇಕು. ಇದೆಲ್ಲ ಸಣ್ಣದು. ದೊಡ್ಡದು ಬೇರೆ ಇದೆ. ಆ ಕಾಯಿನ್ ನಡೆಸುವವರೇ ಇನ್ನೊಂದು ವರ್ಷದಲ್ಲಿ ಪದ್ಧತಿ ಬದಲಿಸುತ್ತಾರೆ, ಆಮೇಲೆ ಈ ಮಶೀನಿನ ಲೆಕ್ಕ ಅವರಿಗೆ ಬೇಡವೇ ಬೇಡ. ಎಂಟು ಲಕ್ಷದ ಮಶೀನು ಒಂದು ದಿನ ಬೆಳಗಾಗುವುದರಲ್ಲಿ ರದ್ದಿ. ಇದನ್ನು ಮಾತ್ರ ನಾನು ನುಂಗಿಕೊಂಡೆ, ಅವನಿಗೆ ಹೇಳಲಿಲ್ಲ. ಬುದ್ಧಿ ಇದ್ದವನು ಕಾಯಿನ್ ತಗೊಂಡು ಸುಮ್ಮನೆ ಕೂರುತ್ತಾನೆ, ಕೂತಲ್ಲೇ ದುಪ್ಪಟ್ಟಾಗುತ್ತದೆ. ಆ ದಾರಿಗೆ ಅವನು ಹೋಗದಂತೆ ಮುಳ್ಳು ಹಚ್ಚಿ ಬಂದಿದ್ದೇನೆ.

ಇನ್ನಾದರೂ ನಿನ್ನ ಕಣ್ಣಿಗೆ ನಿದ್ದೆ ಬರಲಿ. ಬಿಪಿ ಮಾತ್ರೆ ತಪ್ಪಿಸಬೇಡ.

ಗುರುಪಾದ


ವಿಜಯಪುರ
21 ನವೆಂಬರ್ 2021

ಚಿರಂಜೀವಿ ತಮ್ಮನಿಗೆ, ನೂರು ವರ್ಷ ಬಾಳು.

ನಿನ್ನ ಕಾಗದ ಓದುವಷ್ಟರಲ್ಲಿ ಒಲೆಯ ಮೇಲಿದ್ದ ರೊಟ್ಟಿ ಸೀದುಹೋಯಿತು, ಹೋಗಲಿ. ಅವ್ವ ಇದ್ದಿದ್ದರೆ ನಿನಗೆ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು. ಮೆತ್ತಗಿನವನು, ಬಾಯಿಸತ್ತವನು ಎಂದು ಎಲ್ಲರೂ ನಿನ್ನನ್ನು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೇನೆ, ತಪ್ಪಾಯಿತು. ಮೂರು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಒಂದು ತಾಸು ಮಲಗಿ ಎದ್ದೆ. ಪ್ರಣೀತಾ "ಅವ್ವಾ, ಇವತ್ತ ಭಾಳ ಖುಷ್ ಅದೀಯಲ್ಲ, ಏನ್ ಸುದ್ದಿ?" ಎಂದಳು. ಶೇಂಗಾ ಚಟ್ನಿ ಚೆನ್ನಾಗಿ ಬಂದಿದೆ ಎಂದೆ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಆ ಕಾಯಿನ್ ತಗೊಂಡವರಿಗೆ ದುಪ್ಪಟ್ಟು ಎಂದು ಬರೆದಿದ್ದೀಯಲ್ಲ, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ? ನಮ್ಮ ಓಣಿಯ ಮೊಬೈಲ್ ಅಂಗಡಿಯ ಬಸವಂತರಾಯನೂ ಹಾಗೆಯೇ ಹೇಳುತ್ತಾನೆ. ಅವನಿಗೆ ಮೀಸೆ ಬಂದಷ್ಟು ಬುದ್ಧಿ ಬಂದಿಲ್ಲ, ಅದಕ್ಕೇ ನಿನ್ನನ್ನು ಕೇಳಿದೆ.

ಅವ್ವನ ಬಂಗಾರದ ಪಾಟ್ಲಿ ಬಳೆ ಕಪ್ಪಾಗಿದ್ದವು. ಪತ್ತಾರನ ಹತ್ತಿರ ತೊಳೆಯಲು ಕೊಟ್ಟಿದ್ದೇನೆ.

ಅಕ್ಕ


ಪವಾಯಿ
17 ಜನವರಿ 2022

ಅಕ್ಕನಿಗೆ,

ಸಂಕ್ರಾಂತಿಯ ಕುಸುರೆಳ್ಳು ತಲುಪಿತು. ಎಳ್ಳು ತಿಂದು ಒಳ್ಳೆಯ ಮಾತಾಡು ಎನ್ನುತ್ತಾರೆ, ಆದರೆ ನಿನಗೆ ಬೇಕಾಗಿರುವ ಸುದ್ದಿ ಬೇರೆ.

ಮಶೀನು ನೋಡಿ ಬಂದೆ. ಮಾಟುಂಗಾದ ಅವನ ಮನೆಯ ನಡುಮನೆಯಲ್ಲಿಯೇ ಇಟ್ಟಿದ್ದಾನೆ. ಪಾತ್ರೆ ಜೋಡಿಸುವಂತಹ ಕಬ್ಬಿಣದ ಚೌಕಟ್ಟು, ಅದರಲ್ಲಿ ಸಾಲಾಗಿ ಏಳು ಕಾರ್ಡು, ಪ್ರತಿಯೊಂದಕ್ಕೂ ಎರಡೆರಡು ಫ್ಯಾನು. ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತದೆ, ಟಿವಿ ಕೇಳಿಸುವುದಿಲ್ಲ. ಅವನ ಹೆಂಡತಿ ಗುರುಬಾಯಿ ಮಶೀನಿನ ಬಿಸಿಗಾಳಿ ಬರುವ ಕಡೆಗೆ ಪ್ಲಾಸ್ಟಿಕ್ ಹಾಳೆ ಹಾಸಿ ಸಂಡಿಗೆ ಒಣಗಿಸುತ್ತಿದ್ದಳು. "ಬಿಲ್ಡಿಂಗಿನ್ಯಾಗ ಬಿಸಿಲ ಬರಂಗಿಲ್ರಿ ಅಣ್ಣಾರ, ಇದರಿಂದ ಇಷ್ಟರ ಉಪಯೋಗ ಆಗಲಿ" ಎಂದಳು. ನಾಲ್ಕು ಸಂಡಿಗೆ ಕರಿದು ಕೊಟ್ಟಳು, ತಿನ್ನದೆ ಬಿಡಲಾಗಲಿಲ್ಲ.

ನಿಜ ಹೇಳುತ್ತೇನೆ, ಸದ್ಯಕ್ಕೆ ಅವನಿಗೆ ಬರುತ್ತಿದೆ. ಕರೆಂಟು ಬಿಲ್ಲು ಕಳೆದು ತಿಂಗಳಿಗೆ ಮೂವತ್ತು ಸಾವಿರದಷ್ಟು ಉಳಿಯುತ್ತದಂತೆ. ನೀನು ಹಲ್ಲು ಕಡಿಯಬೇಡ. ಕೋಳಿ ಕೊಯ್ಯುವ ಮೊದಲು ಕಾಳು ಹಾಕುತ್ತಾರೆ. ವರ್ಷ ಮುಗಿಯಲಿ.

ಅವನ ನೋಟ ಮಾತ್ರ ನನಗೆ ವಿಚಿತ್ರ ಅನ್ನಿಸಿತು. ನನ್ನನ್ನು ಕಂಡರೆ ಗೆದ್ದವನ ಹಾಗೆ ನಗುತ್ತಾನೆ. ಏನೋ ನನ್ನಿಂದ ತಪ್ಪಿಸಿಕೊಂಡವನ ಹಾಗೆ. ಯಾಕೆಂದು ತಿಳಿಯಲಿಲ್ಲ.

ಪಾಟ್ಲಿ ತೊಳೆಯಲು ಕೊಟ್ಟೆಯಲ್ಲ, ಪ್ರಣೀತಾಗೆ ಎಲ್ಲಿಯಾದರೂ ಗಂಡು ಗೊತ್ತಾಗುತ್ತಿದೆಯೇ? ಸಂತೋಷದ ಸುದ್ದಿ ಮುಚ್ಚಿಡಬೇಡ. ಅವ್ವ ಸಾಯುವಾಗ ಆ ಪಾಟ್ಲಿ ಬಿಚ್ಚಿ ಪ್ರಣೀತಾಳ ಕೈಗೆ ತೊಡಿಸಲು ಹೋದದ್ದು, ಹತ್ತು ವರ್ಷದ ಕೈಯಲ್ಲಿ ಅವು ಮೊಣಕೈ ತನಕ ಜಾರಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕಾಯಿನ್ ಬಗ್ಗೆ ಕೇಳಿದ್ದೆಯಲ್ಲ. ಈಗ ಸ್ವಲ್ಪ ಇಳಿದಿದೆ. ಮತ್ತೆ ಏರುತ್ತದೆ ಎನ್ನುತ್ತಾರೆ.

ಗುರುಪಾದ


ವಿಜಯಪುರ, ಕಾರ್ಡು
4 ಫೆಬ್ರುವರಿ 2022

ಗುರುಪಾದ, ಬಜೆಟ್ಟಿನಲ್ಲಿ ಕ್ರಿಪ್ಟೋಕ್ಕೆ ಮೂವತ್ತು ಪರ್ಸೆಂಟ್ ಟ್ಯಾಕ್ಸ್ ಎಂದು ಟಿವಿಯವರು ಒದರುತ್ತಿದ್ದಾರೆ. ಅದು ಮಶೀನಿನವರಿಗೋ, ಕಾಯಿನ್ ಇಟ್ಟುಕೊಂಡವರಿಗೋ? ಇಳಿದದ್ದು ಏರುತ್ತದೆ ಎಂದೆಯಲ್ಲ, ಯಾವಾಗ? ಬೇಗ ಬರಿ. ಗಂಡು ಗಿಂಡು ಏನೂ ಇಲ್ಲ. - ಶಿ.


ಪವಾಯಿ
15 ಫೆಬ್ರುವರಿ 2022

ಅಕ್ಕನಿಗೆ,

ಲಾಭ ಮಾಡಿ ಮಾರಿದವರಿಗೆ ಟ್ಯಾಕ್ಸು. ಅವನಿಗೂ ಬಿಸಿ ತಟ್ಟುತ್ತದೆ, ಚಿಂತೆ ಬಿಡು. ಈ ವಯಸ್ಸಿನಲ್ಲಿ ನೀನು ಬಜೆಟ್ಟು ಕೇಳುವುದು ನೋಡಿ ನಗು ಬಂತು. ಶತ್ರುವಿನ ಲೆಕ್ಕ ಇಡಲು ಅಕ್ಕ ಅರ್ಥಶಾಸ್ತ್ರ ಕಲಿಯುತ್ತಿದ್ದಾಳೆ ಎಂದು ಮನೆಯಲ್ಲಿ ಹೇಳಿದೆ. ಏರಿದರೇನು ಇಳಿದರೇನು, ನಮಗೇಕೆ ಅದರ ಗೊಡವೆ?

ಗುರುಪಾದ


ಪವಾಯಿ
20 ಜೂನ್ 2022

ಅಕ್ಕನಿಗೆ,

ಎರಡು ಕಾಗದ ಹಾಕಿದೆ, ನಿನ್ನಿಂದ ಒಂದೂ ಇಲ್ಲ. ಫೋನಿನಲ್ಲಿ ಪ್ರಣೀತಾಳೇ ಮಾತಾಡಿ "ಅವ್ವ ಮಲಗ್ಯಾಳ ಮಾಮಾ" ಎನ್ನುತ್ತಾಳೆ. ಮೈ ಹುಷಾರಿದೆಯೇ?

ನಿನಗೆ ಮೈತುಂಬ ಶಕ್ತಿ ಬರುವ ಸುದ್ದಿ ಕೊಡುತ್ತೇನೆ. ಕ್ರಿಪ್ಟೋ ಪೇಟೆ ಬಿದ್ದು ಹೋಗಿದೆ. ನವೆಂಬರಿನಲ್ಲಿ ಮೂರು ಲಕ್ಷಕ್ಕೂ ಮೇಲಿದ್ದ ಕಾಯಿನ್ ಇವತ್ತು ತೊಂಬತ್ತು ಸಾವಿರವೂ ಇಲ್ಲ. ಶ್ರೀಮಂತನ ಮಶೀನಿಗೆ ಈಗ ಕರೆಂಟಿನ ಬಿಲ್ಲು ಕಳೆದರೆ ಚಹಾದ ಖರ್ಚು ಉಳಿಯುತ್ತದೆ. ಗಳಿಸಿದ್ದನ್ನು ಮಾರದೆ ಕೂಡಿಟ್ಟಿದ್ದನಂತೆ, ಅದೂ ಕರಗಿತು. ದಾದರಿನ ಅಂಗಡಿಗೆ ಅರ್ಧ ಶಟರ್ ಎಳೆದಿದ್ದಾನೆ. ನಮ್ಮ ಆಫೀಸಿನ ಹುಡುಗರಂತೂ ಕಾಯಿನ್ ತಗೊಂಡು ಕೂತವರು ಮುಖ ಗಂಟಿಕ್ಕಿಕೊಂಡು ತಿರುಗುತ್ತಾರೆ. ಪುಣ್ಯಕ್ಕೆ ನಮ್ಮವರು ಯಾರೂ ಆ ಕಡೆ ಹೋಗಲಿಲ್ಲ. ಹೋಳಿಗೆ ಮಾಡಿ ತಿನ್ನು ಅಕ್ಕ, ನೀನು ಕೇಳಿದ್ದು ಆಯಿತು.

ಗುರುಪಾದ


ಪವಾಯಿ
7 ಅಕ್ಟೋಬರ್ 2022

ಅಕ್ಕನಿಗೆ ನಮಸ್ಕಾರ.

ದಸರೆ ಮುಗಿದು ಎರಡು ದಿನವಾಯಿತು. ನಿನ್ನ ಕಾಗದ ಕಂಡು ಎಂಟು ತಿಂಗಳಾಯಿತು. ಬನ್ನಿಯಾದರೂ ಬರುತ್ತದೆ ಎಂದು ಕಾಯುತ್ತಿದ್ದೇನೆ. ನಿನ್ನ ಸೇಡು ತೀರಿದ ಮೇಲೆ ತಮ್ಮ ಬೇಡವಾದನೇ?

ಇವತ್ತು ನಿನಗೆ ಎಲ್ಲ ಹೇಳಿಬಿಡುತ್ತೇನೆ. ನಡೆದದ್ದು ಕೇಳಿದರೆ ನೀನೂ ನಗುತ್ತೀಯ.

ಹೋದ ತಿಂಗಳು ಹದಿನೈದಕ್ಕೆ ಆ ಕಾಯಿನಿನವರು ಪದ್ಧತಿ ಬದಲಿಸಿದರು. ಅಂದಿನಿಂದ ಶ್ರೀಮಂತನ ಮಶೀನಿಗೆ ಕೂಲಿ ನಿಂತಿತು. ಆದರೂ ಆರಿಸಿರಲಿಲ್ಲ, ಬೇರೆ ಯಾವುದೋ ಪುಡಿ ಕಾಯಿನ್ ಮಾಡಲು ಹಚ್ಚಿದ್ದ. ಮಹಾನವಮಿಯ ದಿನ ಖಂಡೇಪೂಜೆ. ಅಂಗಡಿಯ ಗಜಕಡ್ಡಿ, ಕತ್ತರಿ, ಸ್ಕೂಟರ್ ಎಲ್ಲಕ್ಕೂ ಪೂಜೆಯಾಯಿತು. ಮನೆಗೆ ಅನ್ನ ಹಾಕಿದ ಮಶೀನು ಎಂದು ಗುರುಬಾಯಿ ಅದಕ್ಕೂ ವಿಭೂತಿ ಬಳಿದು, ಕುಂಕುಮ ಏರಿಸಿ, ಚೆಂಡುಹೂವಿನ ಮಾಲೆ ಹಾಕಿ, ಅದರ ಮುಂದೆಯೇ ಕಾಯಿ ಒಡೆದಳು. ಫ್ಯಾನು ತಿರುಗುತ್ತಲೇ ಇತ್ತು. ಕುಂಕುಮವನ್ನೂ ಕಾಯಿಯ ನೀರನ್ನೂ ಒಟ್ಟಿಗೆ ಒಳಗೆ ಎಳೆದುಕೊಂಡಿತು. ಢಬ್ ಎಂದು ಇಡೀ ಮಹಡಿಯ ಕರೆಂಟು ಹೋಯಿತು.

ರಿಪೇರಿಗೆ ನನ್ನನ್ನೇ ಕರೆದ. ಬಿಚ್ಚಿ ನೋಡಿದೆ, ಏಳರಲ್ಲಿ ಐದು ಕಾರ್ಡು ಹೋಗಿದ್ದವು. ಉಳಿದೆರಡಕ್ಕೆ ಹಳೆಯ ಪೇಟೆಯಲ್ಲಿ ಎಂಟೆಂಟು ಸಾವಿರ ಬಂದರೆ ಹೆಚ್ಚು ಎಂದೆ. ಅವನು ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಅವನಾಗಿಯೇ ಮಾತು ತೆಗೆದ.

"ಗುರುಪಾದಪ್ಪ, ನೀವು ಎರಡೂ ಬ್ಯಾಡ ಅಂದಿದ್ರಿ. ಮಶೀನ್ ವರ್ಷದಾಗ ರದ್ದಿ ಆಗ್ತೈತಿ, ಕಾಯಿನ್ ಬಿದ್ರ ಮ್ಯಾಲ ಏಳಂಗಿಲ್ಲ, ರೊಕ್ಕ ಬ್ಯಾಂಕಿನ್ಯಾಗ ಇಡ್ರಿ ಅಂತ ಕೈ ಮುಗದು ಹೇಳಿದ್ರಿ. ನಾ ಏನ್ ತಿಳ್ಕೊಂಡೆ ಗೊತ್ತೈತ್ರಿ? ಇಂವಾ ನನ್ನ ಮ್ಯಾಲ ಹಲ್ಲು ಮಸಿಯಾಕತ್ತಾನ, ನಾ ಉದ್ಧಾರ ಆಗಬಾರದು ಅಂತ ಬ್ಯಾಡ ಅನ್ನಾಕತ್ತಾನ. ಮಶೀನಿಗೆ ಭಾಳ ಕೆಟ್ಟ ಹೇಳಿದ್ರಿ, ಹಂಗಾದ್ರ ಅದಽ ಚಲೋ ಇರಬೇಕು ಅಂತ ಮರುದಿನಾನ ಕಟ್ಟಿಸಾಕ ಕೊಟ್ಟೆ."

"ನಾ ಖರೇನ ಹೇಳಿದ್ದೆನಲ್ರಿ" ಎಂದೆ.

"ಹೌದ್ರಿ. ಆದ್ರ ನಿಮ್ಮ ಅಕ್ಕಾರ ಮಗಳಿಗೆ ನಾ ಮಾಡಿದ್ದು ನನಗ ಗೊತ್ತಿತ್ತಲ್ರಿ. ಅಷ್ಟ್ ಮಾಡಿದವಂಗ ಯಾರು ಖರೇ ಹೇಳ್ತಾರ?" ಎಂದು ಮುಖ ಮುಚ್ಚಿಕೊಂಡ.

ಹೀಗಿದೆ ಅಕ್ಕ. ನಾನು ನಿನಗೆ ಸುಳ್ಳು ಬರೆದಿದ್ದೆ. ಅಂದು ಅಂಗಡಿಗೆ ಹೋಗುವಾಗ ನೀನು ಹೇಳಿದಂತೆಯೇ ಮಾಡಬೇಕೆಂದು ಹೋಗಿದ್ದೆ. ಗಾದಿಯ ಮೇಲೆ ಕೂತಾಗ ಬಾಯಿಂದ ಬರಲಿಲ್ಲ. ಎರಡೂ ಬೇಡ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನಿನಗೆ ಹಾಗೆಂದು ಬರೆದರೆ ಮತ್ತೆ ಬಾಯಿಸತ್ತವನು ಎನ್ನುತ್ತೀಯ, ನಿನಗೆ ಮತ್ತೆ ನಿದ್ದೆ ಬರುವುದಿಲ್ಲ. ಅದಕ್ಕೆ ಮಶೀನು ಹೇಳಿ ಬಂದೆ ಎಂದು ಕಥೆ ಕಟ್ಟಿದೆ. ಕಥೆ ಗಟ್ಟಿಯಾಗಲಿ ಎಂದು ಕಾಯಿನ್ ಒಳ್ಳೆಯದು ಎಂದೂ ಸೇರಿಸಿದೆ. ಆಮೇಲೆ ಅವನು ನಿಜವಾಗಿಯೂ ಮಶೀನು ಕಟ್ಟಿಸಿದ್ದು ಕೇಳಿ ನನಗೇ ದಿಗಿಲಾಗಿತ್ತು. ಈಗ ತಿಳಿಯಿತು, ಅವನು ಮುಳುಗಿದ್ದು ಅವನ ಪಾಪದ ಭಯದಿಂದ. ನಮ್ಮ ಕೈಗೆ ಕೆಸರು ಹತ್ತಲಿಲ್ಲ, ನಿನ್ನ ಸೇಡೂ ತೀರಿತು. ನನ್ನ ಸುಳ್ಳಿನಿಂದ ಯಾರಿಗೂ ಕಾಸಿನ ನಷ್ಟ ಆಗಲಿಲ್ಲ.

ಈಗ ಒಂದು ಸಲ ನಕ್ಕು ಕಾಗದ ಬರಿ. ಬನ್ನಿ ಕಳಿಸು.

ನಿನ್ನ ತಮ್ಮ,
ಗುರುಪಾದ


ವಿಜಯಪುರ
16 ಅಕ್ಟೋಬರ್ 2022

ಗುರುಪಾದ,

ನಿನ್ನ ಕಾಗದ ಮೂರು ಸಲ ಓದಿದೆ. ನಗು ಬರಲಿಲ್ಲ.

ಅವ್ವನ ಪಾಟ್ಲಿ ಪತ್ತಾರನ ಹತ್ತಿರ ತೊಳೆಯಲು ಕೊಟ್ಟಿರಲಿಲ್ಲ. ಮಾರಿದೆ. ನಿನಗೆ ಕಾಗದ ಹಾಕಿದ ಮರುದಿನವೇ ಎರಡು ಲಕ್ಷ ಹತ್ತು ಸಾವಿರ ಎಣಿಸಿಕೊಂಡೆ. ಸಂಜೆಗೆ ಬಸವಂತರಾಯ ಅಷ್ಟನ್ನೂ ನನ್ನ ಫೋನಿನಲ್ಲಿ ಕಾಯಿನ್ ಮಾಡಿ ಕೊಟ್ಟ. ಅವನು ಒಂದು ಸಲಕ್ಕೆ ನಾಲ್ಕು ಸಲ ಕೇಳಿದ, "ಟೀಚರ, ಖರೇನ ಹಾಕ್ತೀರೇನ್ರಿ, ಯಾರ ಹೇಳ್ಯಾರ?" ನನ್ನ ತಮ್ಮ ಮುಂಬಯಿಯಲ್ಲಿ ಕಂಪ್ಯೂಟರ್ ನಡುವೆಯೇ ಇರುವವನು, ಅವನು ಬರೆದಿದ್ದಾನೆ ಎಂದೆ. ಹೆಮ್ಮೆಯಿಂದ ಹೇಳಿದೆ.

ಹತ್ತು ನವೆಂಬರಿನ ನಿನ್ನ ಕಾಗದ ಈಗ ನನ್ನ ಮುಂದಿದೆ. "ಬುದ್ಧಿ ಇದ್ದವನು ಕಾಯಿನ್ ತಗೊಂಡು ಸುಮ್ಮನೆ ಕೂರುತ್ತಾನೆ, ಕೂತಲ್ಲೇ ದುಪ್ಪಟ್ಟಾಗುತ್ತದೆ." ನಿನ್ನ ಅಕ್ಷರ. ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರ.

ಯಾಕೆ ಹಾಕಿದೆ ಎಂದು ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಶ್ರೀಮಂತ ಮುಳುಗಿದರೆ ನನಗೆ ಸಾಲುತ್ತಿರಲಿಲ್ಲ. ಅವನು ಮುಳುಗುವುದನ್ನು ಮೇಲೆ ನಿಂತು ನೋಡಬೇಕಾಗಿತ್ತು. ದುಪ್ಪಟ್ಟಾದ ರೊಕ್ಕದಲ್ಲಿ ಪಾಟ್ಲಿ ಮತ್ತೆ ಮಾಡಿಸಿ, ಉಳಿದದ್ದರಲ್ಲಿ ಪ್ರಣೀತಾಳ ಮದುವೆಯನ್ನು ಮಾಟುಂಗಾದಲ್ಲಿ, ಅವನ ಮನೆಯ ಓಣಿಯಲ್ಲಿಯೇ ಮಾಡಿ, ಮೊದಲ ಲಗ್ನಪತ್ರಿಕೆ ಅವನಿಗೇ ಕೊಡಬೇಕು ಎಂದುಕೊಂಡಿದ್ದೆ. ದಿನಾ ರಾತ್ರಿ ಆ ಪತ್ರಿಕೆಯ ಒಕ್ಕಣೆ ಬರೆದು ಅಳಿಸುತ್ತಿದ್ದೆ. ಆ ಕಿಚ್ಚು ನನ್ನದು. ಅದಕ್ಕೆ ನಿನ್ನನ್ನು ಬೈಯುವುದಿಲ್ಲ.

ಜೂನಿನಲ್ಲಿ ಬಸವಂತರಾಯ ಮನೆಗೇ ಬಂದು "ಇನ್ನೂ ಬೀಳ್ತೈತ್ರಿ, ತಗೀರಿ" ಎಂದ. ತೆಗೆದೆ. ಐವತ್ತೆರಡು ಸಾವಿರ ಬಂತು. ಅದೇ ವಾರ ನಿನ್ನ ಕಾಗದವೂ ಬಂತು. ಪುಣ್ಯಕ್ಕೆ ನಮ್ಮವರು ಯಾರೂ ಆ ಕಡೆ ಹೋಗಲಿಲ್ಲ, ಹೋಳಿಗೆ ಮಾಡಿ ತಿನ್ನು ಎಂದು. ನಾನು ಆ ದಿನ ಊಟ ಮಾಡಲಿಲ್ಲ. ಆದರೂ ನಿನ್ನ ಮೇಲೆ ಸಿಟ್ಟು ಬಂದಿರಲಿಲ್ಲ. ಪಾಪ, ಅವನಿಗೂ ತಿಳಿಯಲಿಲ್ಲ, ಪೇಟೆ ಯಾರ ಮಾತು ಕೇಳುತ್ತದೆ ಎಂದುಕೊಂಡೆ. ನಿನಗೆ ಗೊತ್ತಾದರೆ ನೊಂದುಕೊಳ್ಳುತ್ತೀಯ ಎಂದು ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಈಗ ಬರೆಯುತ್ತೀಯ, ನಿನಗೆ ಮೊದಲೇ ತಿಳಿದಿತ್ತು ಎಂದು. ಎರಡೂ ಬೇಡ ಎಂದು ಅವನಿಗೆ ಕೈಮುಗಿದು ಹೇಳಿದೆ ಎಂದು. ನನ್ನ ಮಗಳ ಬಾಳಿಗೆ ಕೊಳ್ಳಿ ಇಟ್ಟವನಿಗೆ ನಿಜ, ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ಸುಳ್ಳು. ಅವನು ಮಾಡಿದ ಮೋಸಕ್ಕೆ ಒಂದು ಲಾಭವಾದರೂ ಇತ್ತು. ನಿನಗೆ ಏನು ಸಿಕ್ಕಿತು? ಅಕ್ಕ ಶಭಾಷ್ ಎನ್ನಬೇಕಾಗಿತ್ತು, ಅಷ್ಟೇ.

ದೀಪಾವಳಿ ಮುಗಿದ ಮೇಲೆ ಧಾರವಾಡದಿಂದ ಪ್ರಣೀತಾಳನ್ನು ನೋಡಲು ಬರುತ್ತಾರೆ. ಮೂರ್ಛೆಯ ಸುದ್ದಿ ಕೇಳಿಯೂ ಬರುತ್ತೇವೆ ಎಂದ ಒಳ್ಳೆಯ ಜನ. ಅಜ್ಜಿಯ ಪಾಟ್ಲಿ ತೊಟ್ಟುಕೊಂಡೇ ಅವರ ಮುಂದೆ ಕೂರುತ್ತೇನೆ ಎಂದು ಅವಳು ನಿನ್ನೆ ಹೇಳಿದಳು. ಬ್ಯಾಂಕಿನ ಲಾಕರಿನಲ್ಲಿವೆ ಎಂದು ತಿಳಿದಿದ್ದಾಳೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡು. ಕಾಗದದಲ್ಲಿ ಬಚ್ಚಿಟ್ಟುಕೊಂಡದ್ದು ಸಾಕು. ಅವಳು ಸ್ಪೀಕರ್ ಹಾಕುತ್ತಾಳೆ. ನಾನು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಾ ಇರುತ್ತೇನೆ, ಒಂದು ಮಾತೂ ಆಡುವುದಿಲ್ಲ. ಪಾಟ್ಲಿ ಎಲ್ಲಿ ಹೋದವು ಎಂದು ಮೊದಲಿನಿಂದ ಕೊನೆಯ ತನಕ ನೀನೇ ಹೇಳು. ಆ ಹೆಸರನ್ನೂ ಎತ್ತು. ಆಣೆಯಿಂದ ನಿನ್ನನ್ನು ಬಿಡಿಸಿದ್ದೇನೆ.

ಇದರಲ್ಲಿ ಬನ್ನಿ ಇಟ್ಟಿದ್ದೇನೆ. ಆಪಟಾ ಅಲ್ಲ, ನಮ್ಮೂರ ಮುಳ್ಳಿನ ಮರದ್ದು, ನಾನೇ ಕೈಯಾರೆ ಕಿತ್ತದ್ದು. ಪಾಕೀಟು ಕೊಡವಿ ಎರಡನೆಯದನ್ನು ಹುಡುಕಬೇಡ, ಒಂದೇ ಎಸಳು ಇದೆ. ಮಾಟುಂಗಾಕ್ಕೆ ಹೋಗಿ ಅದನ್ನು ಶ್ರೀಮಂತನಿಗೆ ಕೊಟ್ಟು ಬಾ.

ಶಿವಕುಮಾರಿ